ಹಗಲಲ್ಲಿ ಲೈಟ್ ಹಾಕಿದರೆ ತಪ್ಪೇನು?

"ಹಾಡಹಗಲಲ್ಲಿ ಲೈಟ್ ಯಾಕೆ? ಆರಿಸು!" ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಹಗಲಲ್ಲಿ ಸ್ವಿಚ್ ಒತ್ತುವುದು ದಂಡ, ದುಂದು, ಅಹಂಕಾರ ಎಲ್ಲ. ಅದೇ ಮನೆಯಲ್ಲಿ ರಾತ್ರಿ ಹತ್ತಾದರೂ ಹಾಲ್‌ನ ಬಿಳಿ ಟ್ಯೂಬ್‌ಲೈಟ್ ಝಗಮಗ ಅಂತ ಉರಿಯುತ್ತಿರುತ್ತದೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ರಾತ್ರಿ ಅಂದರೆ ಲೈಟ್ ಬೇಕು, ಅಷ್ಟೇ.

ನನಗೆ ಅನ್ನಿಸುವುದು, ನಾವು ಇದನ್ನು ಪೂರ್ತಿ ತಲೆಕೆಳಗು ಮಾಡಿಕೊಂಡಿದ್ದೇವೆ. ನಮ್ಮ ಮೈಗೆ ಹಗಲಲ್ಲಿ ಜಾಸ್ತಿ ಬೆಳಕು ಬೇಕು, ರಾತ್ರಿ ಕತ್ತಲು ಬೇಕು. ನಾವು ಕೊಡುತ್ತಿರುವುದು ಹಗಲಿಗೂ ರಾತ್ರಿಗೂ ಹೆಚ್ಚುಕಡಿಮೆ ಒಂದೇ ತರದ ಮಬ್ಬು.

ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನೆತ್ತಿಯ ಮೇಲೆ ಬಿಸಿಲಿದ್ದಾಗ ಹೊರಗೆ ಸುಮಾರು 1 ಲಕ್ಷ ಲಕ್ಸ್. ಮೋಡ ಕವಿದ ದಿನವೂ ಸಾವಿರಾರು ಲಕ್ಸ್ ಇರುತ್ತದೆ. ಮನೆಯೊಳಗೆ? 100, 200. ಪಕ್ಕದ ಬಿಲ್ಡಿಂಗ್‌ನ ಗೋಡೆಗೆ ಮುಖ ಮಾಡಿದ ಕಿಟಕಿ ಇದ್ದರೆ ಅದೂ ಕಷ್ಟ. ವರ್ಕ್ ಫ್ರಂ ಹೋಂ ಶುರುವಾದ ಮೇಲೆ ನಾನು ಕೂರುವುದು ಅಂಥದ್ದೇ ಒಂದು ರೂಮಿನಲ್ಲಿ. ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿ ನೋಡಿದರೆ ಮಧ್ಯಾಹ್ನ ಮೂರು ಗಂಟೆಗೆ ಎರಡಂಕಿ ತೋರಿಸುತ್ತಿತ್ತು. ಆ್ಯಪ್‌ಗಳ ಲೆಕ್ಕ ಅಷ್ಟೇನೂ ಕರಾರುವಾಕ್ಕಲ್ಲ, ನಿಜ. ಆದರೆ ಅದೇ ಫೋನ್ ಹಿಡಿದು ಟೆರೇಸಿಗೆ ಹೋದರೆ ಅಂಕಿ ಹತ್ತಾರು ಸಾವಿರಕ್ಕೆ ಜಿಗಿಯಿತು.

ಇಷ್ಟು ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ ಅನ್ನುವುದು ತಮಾಷೆ. ಕಣ್ಣು ಎಷ್ಟು ಬೇಗ ಹೊಂದಿಕೊಳ್ಳುತ್ತದೆ ಅಂದರೆ 100 ಲಕ್ಸ್ ರೂಮಿನಲ್ಲಿ ಕೂತು "ಸಾಕಷ್ಟು ಬೆಳಕಿದೆಯಲ್ಲ" ಅನ್ನುತ್ತೇವೆ. ಓದುವುದಕ್ಕೆ ಸಾಕು, ಹೌದು. ಆದರೆ ಕಣ್ಣಿಗೆ ನೋಡುವುದರ ಜೊತೆ ಇನ್ನೊಂದು ಕೆಲಸವೂ ಇದೆ. 2002ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬರ್ಸನ್ ಮತ್ತು ಅವರ ಜೊತೆಗಾರರು ಅಕ್ಷಿಪಟಲದಲ್ಲಿರುವ, ಅಂದರೆ ಕಣ್ಣಿನ ಹಿಂಬದಿಯ ಪದರದಲ್ಲಿರುವ, ಕೆಲವು ಜೀವಕೋಶಗಳು ತಾವೇ ನೇರವಾಗಿ ಬೆಳಕನ್ನು ಗುರುತಿಸುತ್ತವೆ ಎಂದು ತೋರಿಸಿದರು. ಇವು ನಿದ್ದೆ-ಎಚ್ಚರದ ಹೊತ್ತು ನೋಡಿಕೊಳ್ಳುವ ಮಿದುಳಿನ ಗಡಿಯಾರಕ್ಕೆ ಈಗ ಹಗಲೋ ರಾತ್ರಿಯೋ ಅಂತ ಸುದ್ದಿ ಮುಟ್ಟಿಸುತ್ತವೆ. ಹಗಲು ಅಂತ ಗಟ್ಟಿಯಾಗಿ ಹೇಳಬೇಕಾದರೆ ಬೆಳಕು ಚೆನ್ನಾಗಿಯೇ ಇರಬೇಕು, ಅದರಲ್ಲೂ ನೀಲಿ ಪಾಲು ಇರುವ ಬೆಳಕು. ದಿನವಿಡೀ ಮಬ್ಬಿನಲ್ಲಿ ಕೂತವನ ಗಡಿಯಾರಕ್ಕೆ ಬೆಳಗ್ಗೆಯೂ ಸರಿಯಾಗಿ ಆಗುವುದಿಲ್ಲ, ಸಂಜೆಯೂ ಸರಿಯಾಗಿ ಆಗುವುದಿಲ್ಲ.

ರಾತ್ರಿಯ ಕಡೆಯದ್ದು ಇನ್ನೂ ಗಂಭೀರ. 2011ರಲ್ಲಿ ಹಾರ್ವರ್ಡ್‌ನ ಸಂಶೋಧಕರು 116 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮಲಗುವ ಮುಂಚೆ 200 ಲಕ್ಸ್‌ಗಿಂತ ಕಡಿಮೆ ಇರುವ, ಅಂದರೆ ನಮ್ಮ ನಿಮ್ಮ ಮನೆಯಲ್ಲಿರುವಂಥ ಬೆಳಕಿನಲ್ಲಿ ಕೂತರೂ, ತೀರಾ ಮಂದ ಬೆಳಕಿನಲ್ಲಿ ಕೂತಾಗಿನದಕ್ಕಿಂತ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಮೈಯಲ್ಲಿರುವ ಅವಧಿ ಸುಮಾರು 90 ನಿಮಿಷ ಕಡಿಮೆಯಾಗಿತ್ತು. ನಾವು ಎಲ್ಲದಕ್ಕೂ ಮೊಬೈಲನ್ನು ಬೈಯುತ್ತೇವೆ. ತಲೆ ಮೇಲೆ ಉರಿಯುವ 6500 ಕೆಲ್ವಿನ್‌ನ, ಅಂದರೆ ನೀಲಿ ಪಾಲು ಜಾಸ್ತಿ ಇರುವ ಬಿಳಿ ಬೆಳಕಿನ ಕೂಲ್ ಡೇಲೈಟ್ ಟ್ಯೂಬ್ ಮಾತ್ರ ಪಾಪ, ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಳಕಿನ ಚಿಕಿತ್ಸೆ ಅನ್ನುವುದು ಬಂದಿದ್ದು ಚಳಿ ದೇಶಗಳ ಕಡೆಯಿಂದ. 1984ರಲ್ಲಿ ಅಮೆರಿಕದಲ್ಲಿ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು ಚಳಿಗಾಲ ಬಂದರೆ ಆವರಿಸುವ ಖಿನ್ನತೆಯನ್ನು ವಿವರಿಸಿ, ಪ್ರಖರ ಬೆಳಕಿನಿಂದ ಅದು ಸುಧಾರಿಸುತ್ತದೆ ಎಂದು ಬರೆದರು. ಈಗ ಅಲ್ಲಿ ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ ಅನ್ನುವುದು ಮಾಮೂಲಿ ಚಿಕಿತ್ಸೆ. ನಾರ್ವೆಯ ರ್ಯೂಕನ್ ಎಂಬ ಊರಿನವರಂತೂ 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ, ಚಳಿಗಾಲದಲ್ಲಿ ಬಿಸಿಲೇ ಬೀಳದ ಊರ ಚೌಕಕ್ಕೆ ಬಿಸಿಲು ಇಳಿಸಿಕೊಂಡರು. ಸ್ಟಾಕ್‌ಹೋಮ್‌ನಲ್ಲೋ ಟೊರಾಂಟೊದಲ್ಲೋ ಇರುವ ನಮ್ಮವರಿಗೆ ಇದು ಹೊಸದಲ್ಲ.

ಋತುಮಾನದ್ದಲ್ಲದ ಖಿನ್ನತೆಗೂ ಬೆಳಕು ನೆರವಾಗುತ್ತದೆ ಎಂದು 2016ರಲ್ಲಿ ಕೆನಡಾದ ಒಂದು ಅಧ್ಯಯನ ಹೇಳಿತು. 122 ಜನ, ಎಂಟು ವಾರ. ಚಿಕ್ಕದೇ. ಆದರೂ ಬೆಳಕು ಪಡೆದವರು, ಅದರಲ್ಲೂ ಬೆಳಕಿನ ಜೊತೆ ಮಾತ್ರೆಯನ್ನೂ ತೆಗೆದುಕೊಂಡವರು, ಹೋಲಿಸಿ ನೋಡಲೆಂದು ಕೊಟ್ಟ ಸುಳ್ಳು ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಇನ್ನು ಪ್ರೊಡಕ್ಟಿವಿಟಿ ಅನ್ನುವ ಮಾತು. "ಈ ಲ್ಯಾಂಪ್ ಹಾಕಿ, ಎರಡು ಪಟ್ಟು ಕೆಲಸ ಮಾಡಿ" ಅನ್ನುವ ಜಾಹೀರಾತನ್ನು ನಾನು ನಂಬುವುದಿಲ್ಲ. ನಿದ್ದೆ ಸರಿಯಾದರೆ ಕೆಲಸ ತಾನಾಗಿಯೇ ಸ್ವಲ್ಪ ಸರಿಯಾಗುತ್ತದೆ, ಅಷ್ಟೇ ನನ್ನ ಅನುಭವ.

"ಬೆಂಗಳೂರಿಗೆ ಯಾಕೆ ಇದೆಲ್ಲ, ಇಲ್ಲಿ ವರ್ಷವಿಡೀ ಬಿಸಿಲು" ಅನ್ನುತ್ತಾರೆ ಕೆಲವರು. ಸರಿಯೇ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆಗಿಂತ ಜಾಸ್ತಿ ಹಗಲಿದೆ. ಆದರೆ ಬಿಸಿಲು ಇರುವುದು ಹೊರಗೆ, ನಾವಿರುವುದು ಒಳಗೆ. 30-40 ಸೈಟಿನಲ್ಲಿ ಒಂದಿಂಚೂ ಬಿಡದೆ ನಾಲ್ಕು ಮಹಡಿ ಎಬ್ಬಿಸುತ್ತೇವೆ. ಪಕ್ಕದವನೂ ಎಬ್ಬಿಸುತ್ತಾನೆ. ಪೂರ್ವಕ್ಕೆ ಬಾಗಿಲು ಅಂತ ಜಾಸ್ತಿ ದುಡ್ಡು ಕೊಟ್ಟು ಮನೆ ತಗೊಂಡವರ ಬಾಗಿಲಿಗೆ ಎದುರು ಮನೆಯ ನೆರಳು ಮಧ್ಯಾಹ್ನದ ತನಕ. ವಾಸ್ತು ಸರಿಯಿದೆ, ಸೂರ್ಯ ಮಾತ್ರ ಇಲ್ಲ! ಹಳೇ ತೊಟ್ಟಿಮನೆಗಳ ನಡುವೆ ಆಕಾಶಕ್ಕೊಂದು ಜಾಗ ಇತ್ತು. ಮಲೆನಾಡಿನ ಮನೆಗಳಲ್ಲಿ ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚು ಕೂರಿಸುತ್ತಿದ್ದರು. ಆಷಾಢದ ಮಳೆಯಲ್ಲಿ ಅಡುಗೆಮನೆಗೆ ಅದೇ ದೀಪ.

ಹಾಗಾಗಿ ಮೊದಲ ಸಲಹೆ ಬಿಟ್ಟಿಯದ್ದು. ಬೆಳಗಿನ ಕಾಫಿ ಲೋಟ ಹಿಡಿದು ಟೆರೇಸೋ ಬಾಲ್ಕನಿಯೋ ಸೇರಿ. ಸೂರ್ಯನನ್ನೇ ದಿಟ್ಟಿಸುವುದು ಬೇಡ, ಬಯಲಲ್ಲಿ ಇದ್ದರೆ ಸಾಕು. ಅದಾಗದವರಿಗೆ, ಜಡಿಮಳೆಯಲ್ಲಿ ಸಿಕ್ಕಿಕೊಂಡವರಿಗೆ ಲೈಟು.

ದುಡ್ಡಿನ ಲೆಕ್ಕ ಹೇಳುತ್ತೇನೆ, ಯಾಕಂದರೆ ಜಗಳ ಶುರುವಾಗುವುದೇ ಅಲ್ಲಿ. ಹಿಂದೆ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು ಈಗ 9 ವ್ಯಾಟ್ ಎಲ್‌ಇಡಿ ಕೊಡುತ್ತದೆ. ನಾನು ಮೇಜಿನ ಮೇಲ್ಗಡೆ 20 ವ್ಯಾಟ್‌ನ ನಾಲ್ಕು ಎಲ್‌ಇಡಿ ಟ್ಯೂಬ್ ಹಾಕಿಸಿದ್ದೇನೆ. ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ 12 ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಅಂದರೂ ನೂರು ದಾಟುವುದಿಲ್ಲ. 2000 ವ್ಯಾಟ್ ಗೀಸರನ್ನು ದಿನಾ ಅರ್ಧ ಗಂಟೆ ಹಾಕಿದರೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅದನ್ನು ಯಾರೂ ಆರಿಸು ಅನ್ನುವುದಿಲ್ಲ. ಈ ಟ್ಯೂಬ್‌ಗಳು 10,000 ಲಕ್ಸ್ ಏನೂ ಕೊಡುವುದಿಲ್ಲ, ಕೆಲವು ನೂರು ಕೊಡುತ್ತವೆ. ಆದರೂ ಊಟದ ನಂತರದ ಆ ಹಾಳು ಮಂಪರು ತುಂಬಾ ಕಡಿಮೆಯಾಗಿದೆ. ಸೂರ್ಯ ಮುಳುಗಿದ ಮೇಲೆ ಇವೆಲ್ಲ ಬಂದ್. ಮೂಲೆಯಲ್ಲಿ ಒಂದು ಹಳದಿ ಬಲ್ಬು, ಕಣ್ಣಿಗಿಂತ ಕೆಳಗೆ.

ಆನ್‌ಲೈನಲ್ಲಿ 10,000 ಲಕ್ಸ್ ಅಂತ ಅಂಗೈ ಅಗಲದ ಲ್ಯಾಂಪ್ ಮಾರುತ್ತಾರೆ, ಹುಷಾರು. ಆ ಲೆಕ್ಕ ಎಷ್ಟು ದೂರದಲ್ಲಿ ಅಂತ ಕೇಳಿ. ಮುಖಕ್ಕೆ ಒಂದು ಗೇಣು ಹತ್ತಿರ ಹಿಡಿದಾಗ ಸಿಗುವ ಬೆಳಕು ಎರಡು ಗೇಣಿಗೆ ಹೋದರೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಮತ್ತೆ, ಬೈಪೋಲಾರ್ ತೊಂದರೆ (ಖಿನ್ನತೆಯೂ ಉನ್ಮಾದವೂ ಬಂದುಹೋಗುವ ಕಾಯಿಲೆ) ಇರುವವರಿಗೆ ಪ್ರಖರ ಬೆಳಕಿನಿಂದ ಉನ್ಮಾದ ಕೆರಳಬಹುದು. ಅವರು ಮತ್ತು ಅಕ್ಷಿಪಟಲದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕೈ ಹಾಕಬೇಡಿ. ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿರುವವರು ಇದನ್ನು ಓದಿ ಮಾತ್ರೆ ನಿಲ್ಲಿಸಲೂಬೇಡಿ.

ನನಗೆ ನಿಜವಾಗಿ ಚಿಂತೆ ಆಗುವುದು ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಓದುವ ಕೊಠಡಿಗಳಲ್ಲಿ ಕೂತಿರುವ ಹುಡುಗ ಹುಡುಗಿಯರ ಬಗ್ಗೆ. ಬೆಳಗ್ಗೆ ಏಳಕ್ಕೆ ಒಳಗೆ ಹೋದರೆ ರಾತ್ರಿ ಹತ್ತಕ್ಕೆ ಹೊರಗೆ. ಎಷ್ಟೋ ಕಡೆ ಕಿಟಕಿಗೆ ಪರದೆ, ಸುತ್ತ ಪ್ಲೈವುಡ್. ಕೆಎಎಸ್, ಪಿಎಸ್‌ಐ ಅಂತ ವರ್ಷಗಟ್ಟಲೆ ಹೀಗೇ. ಆಮೇಲೆ "ಓದಿದ್ದು ನೆನಪಿರಲ್ಲ, ರಾತ್ರಿ ನಿದ್ದೆ ಬರಲ್ಲ" ಅನ್ನುತ್ತಾರೆ. ಬರೀ ಬೆಳಕಿನಿಂದಲೇ ಹೀಗಾಗಿದೆ ಅಂತ ಹೇಳುತ್ತಿಲ್ಲ. ಆದರೆ ಸೀಟು ಹುಡುಕುತ್ತಿದ್ದರೆ ಕಿಟಕಿ ಪಕ್ಕದ್ದನ್ನೇ ಕೇಳಿ. ತಿಂಗಳಿಗೆ ನೂರಿನ್ನೂರು ಜಾಸ್ತಿ ಕೇಳಿದರೆ ಚೌಕಾಸಿ ಮಾಡಿ, ಬಿಡಬೇಡಿ. ಬೆಳಗಿನ ತಿಂಡಿಯನ್ನು ಒಳಗೆ ಪಾರ್ಸಲ್ ತರಿಸಬೇಡಿ, ಹೊರಗೆ ಗಾಡಿ ಹತ್ತಿರ ನಿಂತೇ ತಿನ್ನಿ.