ಮಹಾಪ್ರಾಣ ಬಿಟ್ಟವರ ಚೀನೀ ಪಾಠ

ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಗೆ ಆರು ಹಂತಗಳಿದ್ದ ಕಾಲದ ಪದಪಟ್ಟಿ ನೋಡಿ. ಕಂಪ್ಯೂಟರ್ 1ನೇ ಹಂತದ ಪದ, ಮೊಬೈಲ್ 2ನೆಯದು, ಪಾಸ್‌ವರ್ಡ್ 4ನೆಯದು. ಅಂದರೆ ಮೂರು ಪರೀಕ್ಷೆ ಪಾಸಾಗುವ ತನಕ ಕಲಿಯುವವನಿಗೆ ಲಾಗಿನ್ ಆಗುವ ಯೋಗವಿಲ್ಲ. ಮಲೆನಾಡಿನವರಿಗೆ ಈ ಕ್ರಮ ಒಗ್ಗುವುದೇ ಇಲ್ಲ. ನಮ್ಮಲ್ಲಿ ತಂತ್ರಜ್ಞಾನದ ಬಗ್ಗೆ ಮಾತಾಡುವುದೆಂದರೆ ಅದನ್ನು ಬೈಯುವುದು. ಕರೆಂಟಿಲ್ಲ, ಸಿಗ್ನಲ್ಲಿಲ್ಲ, ಹ್ಯಾಂಗ್ ಆಗಿದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿದೆ. ಎಂಬಿಬಿಎಸ್ ಓದಲು ಚೀನಾಕ್ಕೆ ಹೊರಟ ತೀರ್ಥಹಳ್ಳಿಯ ಹುಡುಗಿಯಿರಲಿ, 1957ರಿಂದ ಗುವಾಂಗ್‌ಝೌ ನಗರದಲ್ಲಿ ನಡೆದುಬಂದಿರುವ ಕ್ಯಾಂಟನ್ ಮೇಳದಲ್ಲಿ ಯಂತ್ರ ನೋಡಲು ಹೊರಟ ಸಾಗರದ ಅಡಿಕೆ ಮಂಡಿಯವರಿರಲಿ, ಮೊದಲು ಕಲಿಯಬೇಕಾದದ್ದು ಕೆಟ್ಟುಹೋದದ್ದರ ಶಬ್ದಗಳನ್ನು. ಸರಿಯಾಗಿ ನಡೆಯುತ್ತಿರುವ ಯಂತ್ರದ ಬಗ್ಗೆ ಯಾರೂ ಯಾರ ಹತ್ತಿರವೂ ಮಾತಾಡುವುದಿಲ್ಲ.

ಉಚ್ಚಾರದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಾವು ಅದನ್ನು ಒಂದನೇ ಕ್ಲಾಸಿನಲ್ಲಿ ಪಡೆದು ಎರಡನೇ ಕ್ಲಾಸಿನಲ್ಲಿ ಕಳೆದುಕೊಂಡಿರುತ್ತೇವೆ. ನಮ್ಮ ವರ್ಗದ ಮೊದಲ ಎರಡು ಅಕ್ಷರಗಳು ಚೀನೀಗೆ ಹೇಳಿ ಮಾಡಿಸಿದಂತಿವೆ: ಕ-ಖ, ಚ-ಛ, ತ-ಥ, ಪ-ಫ. (ಕೊನೆಯದನ್ನು ತುಟಿ ಮುಚ್ಚಿ ಬಿಡುವ ಹಳೆಯ ಫ ಎಂದೇ ತಿಳಿಯಿರಿ, ‘ಫ್ಯಾನ್’ನ ಫ ಅಲ್ಲ.) ಮೂರನೆಯ ಗ-ಜ-ದ-ಬ ಅವರಿಗೆ ಬೇಕಿಲ್ಲ. ರೋಮನ್ ಲಿಪಿಯ ಚೀನೀ ಕಾಗುಣಿತದಲ್ಲಿ ಬಿ, ಡಿ, ಜಿ ಎಂದೆಲ್ಲ ಬರೆದಿರುತ್ತದೆ, ನಂಬಬೇಡಿ. ಅವು ಪ, ತ, ಕ. ಈ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಪ್ರತಿ ಉಚ್ಚಾರದ ಪಕ್ಕ ಸ್ವರದ, ಅಂದರೆ ದನಿಯ ಏರಿಳಿತದ, ಅಂಕಿ ಹಾಕಿಕೊಂಡರೆ ನೋಟ್‌ಬುಕ್ ಚೊಕ್ಕವಾಗಿರುತ್ತದೆ.

ತೊಂದರೆ ಬಾಯಿಯದು. ಖರ್ಚನ್ನು ಕರ್ಚು, ಛತ್ರಿಯನ್ನು ಚತ್ರಿ, ಭಾಷೆಯನ್ನು ಬಾಸೆ ಮಾಡಿ ಬದುಕಿದವರು ನಾವು. ಕನ್ನಡದಲ್ಲಿ ಅದಕ್ಕೆ ದಂಡವಿಲ್ಲ. ಚೀನೀಯಲ್ಲಿ ಉಂಡೆದ್ದು ‘ತು4-ತ್ಸ ಪಾವ್3 ಲ’ ಎಂದರೆ ಹೊಟ್ಟೆ ತುಂಬಿತು. ಅದೇ ಮಾತಿಗೆ ಎರಡು ಮಹಾಪ್ರಾಣ ಸೇರಿಸಿ ‘ಥು4-ತ್ಸ ಫಾವ್3 ಲ’ ಎಂದರೆ ಮೊಲ ಓಡಿಹೋಯಿತು. ಇನ್ನು ‘ಧಯವಿಟ್ಟು ಚಪ್ಪಲಿ ಇಲ್ಲಿ ಬಿಡಿ’ ಎಂದು ಬೋರ್ಡು ಬರೆಸುವ ಉದಾರಿಗಳು ಒಂದು ಗುಂಪು. ಚಾರ್ಜ್ ಮಾಡುವುದು ‘ಛುಂಗ್1-ತ್ಯೆನ್4’. ಇವರು ಎರಡಕ್ಕೂ ಉಸಿರು ತುಂಬಿ, ಸ್ವರವನ್ನೂ ಸಪಾಟು ಮಾಡಿ ‘ಛುಂಗ್1-ಥ್ಯೆನ್1’ ಎನ್ನುತ್ತಾರೆ. ಅದರರ್ಥ ಆಕಾಶಕ್ಕೆ ಚಿಮ್ಮುವುದು. ಫೋನಿಗೆ ಅಷ್ಟು ಬೇಡ.

ಅಭ್ಯಾಸಕ್ಕೆ ತೆಳ್ಳನೆಯ ಕಾಗದದ ಚೂರೊಂದನ್ನು ತುಟಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ‘ಛುಂಗ್’ಗೆ ಅದು ಅಲುಗಬೇಕು, ‘ತ್ಯೆನ್’ಗೆ ಅಲುಗಬಾರದು. ಬಾಯಲ್ಲಿ ಎಲೆಯಡಿಕೆ ಕವಳ ಇಟ್ಟುಕೊಂಡು ಮಾತ್ರ ಈ ಅಭ್ಯಾಸಕ್ಕೆ ಇಳಿಯಬೇಡಿ. ಎದುರಿನ ಗೋಡೆಗೆ ಮೊನ್ನೆಯಷ್ಟೇ ಸುಣ್ಣ ಹೊಡೆಸಿರುತ್ತಾರೆ.

ಸ್ವರಗಳು ನಾಲ್ಕು. 1 ಎಂದರೆ ಎತ್ತರದಲ್ಲಿ ಏರಿಳಿತವಿಲ್ಲದೆ ಎಳೆಯುವುದು. 2, ‘ಹೌದಾ?’ ಎನ್ನುವಾಗ ಕೊನೆ ಮೇಲೇಳುವಂತೆ. 3, ಸಾಲ ಕೇಳಿದವರಿಗೆ ‘ಹೂಂ… ನೋಡಣ’ ಎನ್ನುವಾಗಿನ ಆ ತಗ್ಗಿದ ದನಿ. 4, ನಾಯಿಗೆ ‘ಹಚ್!’ ಎಂದಂತೆ ಮೇಲಿಂದ ಕೆಳಕ್ಕೆ. ಅಂಕಿಯಿಲ್ಲದ್ದು ಹಗುರ. ಮೊಬೈಲಿಗೆ ‘ಶೋವ್3-ಚಿ1’, ಕೈಯಂತ್ರ. ‘ಚಿ’ಯನ್ನು 2ಕ್ಕೆ ಏರಿಸಿದರೆ ಯುದ್ಧದಲ್ಲಿ ಕಡಿದು ತಂದ ತಲೆ, ಎರಡನ್ನೂ ಬದಲಿಸಿ ‘ಶೋವ್1-ಚಿ2’ ಎಂದರೆ ಸಂಗ್ರಹಿಸುವುದು. ‘ನನ್ನ ತಲೆ ಬಸ್ಸಿನಲ್ಲಿ ಬಿಟ್ಟುಹೋಯಿತು’ ಎಂಬ ದೂರನ್ನು ಯಾವ ಕಂಡಕ್ಟರ್ ತಾನೇ ನಿಭಾಯಿಸಿಯಾನು?

ಫೋನ್ ಹ್ಯಾಂಗ್ ಆದರೆ ‘ಸ್ಸ3-ಚಿ1 ಲ’, ಯಂತ್ರ ಸತ್ತಿತು. ಮೊದಲ ಅಕ್ಷರ ‘ಸಿ’ ಅಲ್ಲ, ಹಲ್ಲು ಕಚ್ಚಿಕೊಂಡೇ ಎಳೆಯುವ ‘ಸ್’. ಅದನ್ನೇ 1ನೇ ಸ್ವರದಲ್ಲಿ ಎಳೆದರೆ ಡ್ರೈವರ್. ಕಾರಿನೊಳಗೆ ಕೂತು ಈ ಎರಡನ್ನು ಅದಲುಬದಲು ಮಾಡಬೇಡಿ. ಹಾಗೆ ನೋಡಿದರೆ ಡ್ರೈವರನ್ನು ಮುಖಕ್ಕೆ ಮುಖ ಕೊಟ್ಟು ಡ್ರೈವರ್ ಎಂದು ಕರೆಯುವುದೂ ಇಲ್ಲ. ಅವನನ್ನೂ ಮೊಬೈಲ್ ರಿಪೇರಿಯವನನ್ನೂ ‘ಶ್1-ಫು’ ಎನ್ನುತ್ತಾರೆ, ನಾವು ಮೇಸ್ತ್ರಿ ಎಂದ ಹಾಗೆ. ಇಲ್ಲಿ ಮಾತ್ರ ‘ಫ್ಯಾನ್’ನ ಫ. ರೀಸ್ಟಾರ್ಟ್ ಮಾಡಲು ‘ಛುಂಗ್2-ಛಿ3’. ಇದರ ಮೊದಲ ಅಕ್ಷರಕ್ಕೆ ‘ಚುಂಗ್4’ ಎಂಬ ಇನ್ನೊಂದು ಓದೂ ಇದೆ, ಆಗ ಅರ್ಥ ಭಾರ. ಉಚ್ಚಾರ ಒತ್ತಿ ಅಕ್ಷರ ಆರಿಸುವ ಚೀನೀ ಕೀಬೋರ್ಡಿನಲ್ಲಿ ಆ ಓದನ್ನು ಟೈಪ್ ಮಾಡಿದರೆ ರೀಸ್ಟಾರ್ಟ್ ಎಷ್ಟು ಹುಡುಕಿದರೂ ಸಿಗದು.

ಮಳೆಗಾಲದ ವಿಷಯಕ್ಕೆ ಬರೋಣ. ನಮಗೆ ‘ಕರೆಂಟಿಲ್ಲ’ ಎಂಬ ಒಂದೇ ಮಾತು ಜೂನ್‌ನಿಂದ ಸೆಪ್ಟೆಂಬರ್ ದಾಟಿಸುತ್ತದೆ. ಆಗುಂಬೆಯಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದದ್ದನ್ನು ಪದಕ್ಕೆ ಪದ ಇಟ್ಟು ‘ವೋ3 ಮೇ2-ತ್ಯೆನ್4 ಲ’ ಎಂದರೆ, ಚೀನೀ ಗೆಳೆಯ ನಿಮ್ಮ ಫೋನಿನ ಚಾರ್ಜ್ ಮುಗಿಯಿತೆಂದು ತಿಳಿದು ಪವರ್ ಬ್ಯಾಂಕ್ ಚಾಚುತ್ತಾನೆ. ಊರಿಗೇ ಕರೆಂಟ್ ಹೋಗಿದ್ದರೆ ‘ಥಿಂಗ್2-ತ್ಯೆನ್4 ಲ’, ಕರೆಂಟ್ ನಿಂತಿತು. ಮನೆಯ ಎಂಸಿಬಿ (ತಾನಾಗಿ ಕರೆಂಟ್ ಕಡಿಯುವ ಸ್ವಿಚ್) ಬಿದ್ದಿದ್ದರೆ ‘ಥ್ಯಾವ್4-ಚಾ2 ಲ’. ನಮ್ಮಲ್ಲಿ ಬೀಳುವ ಎಂಸಿಬಿ ಅಲ್ಲಿ ಹಾರುತ್ತದೆ. ಅಡಿಕೆ ಸುಲಿಯುವ ಯಂತ್ರ ಮುಲುಗುಟ್ಟಿ ನಿಂತರೆ ಓಲ್ಟೇಜ್ ಕಮ್ಮಿ: ‘ತ್ಯೆನ್4-ಯಾ1 ಥಾಯ್4 ತಿ1’. ಟಿಸಿಯೇ ಸುಟ್ಟಿದ್ದರೆ ‘ಪ್ಯೆನ್4-ಯಾ1-ಛಿ4 ಶಾವ್1 ಲ’. ಈ ಐದು ವಾಕ್ಯ ಬಾಯಿಗೆ ಬಂದರೆ ಹೊಸನಗರದವನೊಬ್ಬ ಚೀನೀಯಲ್ಲಿ ಅರ್ಧ ಗಂಟೆ ತಡೆಯಿಲ್ಲದೆ ಮಾತಾಡಬಲ್ಲ. ಅಷ್ಟು ಸರಕು ಅವನ ಹತ್ತಿರ ಇದ್ದೇ ಇರುತ್ತದೆ.

ಸಿಗ್ನಲ್ ‘ಶಿನ್4-ಹಾವ್4’. ಅದಕ್ಕಿಂತ ಮೊದಲು ‘ಮೇ2’ (ಇಲ್ಲ) ಸೇರಿಸಿ, ಮುಗಿಯಿತು. ಸಿಮ್ ಕಾರ್ಡ್ ‘ಶೋವ್3-ಚಿ1-ಖಾ3’. ಫೋನ್ ಎಳೆದಾಡುತ್ತಿದೆ, ಸಿಕ್ಕಿಕೊಳ್ಳುತ್ತಿದೆ ಎನ್ನಲೂ ಅದೇ ‘ಖಾ3’. ‘ಹನ್3 ಖಾ3’ ಎಂದರೆ ರಿಪೇರಿಯವನು ಸಿಮ್ ಕಳಚದೆ ಮೆಮೊರಿ ನೋಡುತ್ತಾನೆ. ಆ ‘ಹನ್3’, ಅಂದರೆ ‘ತುಂಬಾ’, ಬಿಡಬೇಡಿ.

ಅಂಗಡಿಯಲ್ಲಿ ದುಡ್ಡು ಕೊಡುವಾಗ ಇನ್ನೊಂದು ಕಸರತ್ತಿದೆ. ಗಾಂಧಿ ಬಜಾರಿನಲ್ಲಿ ಕ್ಯೂಆರ್ ಕೋಡ್ ಅಂಗಡಿಯವರದು, ಸ್ಕ್ಯಾನ್ ಮಾಡುವವರು ನಾವು, ಚರ್ಚೆಯಿಲ್ಲ. ಚೀನಾದಲ್ಲಿ ಗಿರಾಕಿ ತನ್ನ ಫೋನಿನ ಕೋಡ್ ತೋರಿಸಿ, ಅಂಗಡಿಯವನೇ ಸ್ಕ್ಯಾನ್ ಮಾಡುವುದೂ ಇದೆ. ಹಾಗಾಗಿ ‘ನಾನು ನಿಮ್ಮನ್ನು ಸ್ಕ್ಯಾನ್ ಮಾಡಲೋ, ನೀವು ನನ್ನನ್ನು ಮಾಡುತ್ತೀರೋ?’ ಎಂದು ಕೇಳಿಕೊಳ್ಳಬೇಕು: ‘ವೋ3 ಸಾವ್3 ನಿ3, ಹಾಯ್2-ಶ್ ನಿ3 ಸಾವ್3 ವೋ3?’ ಸಾಲಾಗಿ ಮೂರು ಮೂರು ಮೂರನೇ ಸ್ವರ, ಎಲ್ಲವನ್ನೂ ತಗ್ಗಿಸುತ್ತ ಹೋದರೆ ದನಿ ಬಾವಿಗೆ ಬೀಳುತ್ತದೆ. ನಿಯಮ ಇಷ್ಟೇ: ಎರಡು 3 ಒಟ್ಟಿಗೆ ಬಂದರೆ ಮೊದಲನೆಯದು 2 ಆಗುತ್ತದೆ. ಇಲ್ಲಿ ನಡುವಿನ ‘ಸಾವ್’ ಏರಬೇಕು. ಬೇಗ ಹೇಳುವಾಗ ಮೊದಲನೆಯದೂ ಜೊತೆಗೆ ಏರುತ್ತದೆ.

ಪರೀಕ್ಷಿಸಿಕೊಳ್ಳಲು ಫೋನಿನ ಧ್ವನಿ ಟೈಪಿಂಗ್ ಸಾಕು. ಭಾಷೆಯನ್ನು ಚೀನೀಗೆ ಬದಲಿಸಿ ಬಿಡಿಪದ ಹೇಳಿ, ಮೂಡುವ ಅಕ್ಷರ ಸರಿಯೇ ನೋಡಿ. ಇಡೀ ವಾಕ್ಯ ಹೇಳಬೇಡಿ; ಅದು ಸಂದರ್ಭ ನೋಡಿ ಊಹಿಸಿಕೊಂಡು ನಿಮ್ಮ ತಪ್ಪು ಸ್ವರವನ್ನೂ ಪಾಸು ಮಾಡುತ್ತದೆ. ನೆಟ್ ಇಲ್ಲದೆ ನಡೆಯದ ಫೋನಾದರೆ ಗುಡ್ಡ ಹತ್ತಬೇಕು. ತುದಿಯಲ್ಲಿ ನಿಂತು ಒಂದೇ ಪದವನ್ನು ಇಪ್ಪತ್ತು ಸಲ ಕೂಗುವ ಮುಂಚೆ ಕೆಳಗಿನ ಮನೆಯವರಿಗೆ ಒಂದು ಮಾತು ತಿಳಿಸಿರಿ. ಇಲ್ಲದಿದ್ದರೆ ‘ಹೋಯ್, ಎಂಥ ಆತು ಮಾರಾಯ್ರೆ?’ ಎಂದು ಕತ್ತಿ ಹಿಡಿದು ಓಡಿ ಬರುತ್ತಾರೆ.

ಕೊನೆಯದಾಗಿ, ಚೀನಾದಿಂದ ಮಗ ತಂದುಕೊಟ್ಟ ಇಂಡಕ್ಷನ್ ಒಲೆ. ಅಲ್ಲಿನ 220 ವೋಲ್ಟಿಗೂ ನಮ್ಮ 230ಕ್ಕೂ ಹೊಂದುತ್ತದೆ, ಪಿನ್ ಚಪ್ಪಟೆಯಾದ್ದರಿಂದ ಗಟ್ಟಿ ಅಡಾಪ್ಟರ್ ಬೇಕು. ಗುಂಡಿಗಳ ಮೇಲೆಲ್ಲ ಚೀನೀ ಅಕ್ಷರ. ನೀರು ಕಾಯಿಸಲು ‘ಶಾವ್1-ಶ್ವೆ3’, ಟಿಸಿ ಸುಟ್ಟಾಗ ಬಂದ ಶಾವ್ ಇದೇ. ‘ಯು4-ಯುಎ1’ ಒತ್ತಿದರೆ ಮಾತ್ರ ಕಾಫಿ ಸಿಗದು. ಅದು ಮುಂಗಡ ಸಮಯ ಗೊತ್ತುಮಾಡುವ ಗುಂಡಿ. ಒಲೆ ನೀವು ಹೇಳಿದಷ್ಟು ಗಂಟೆ ತಣ್ಣಗೆ ಕಾಯುತ್ತ ಕೂರುತ್ತದೆ. ಒರೆಸುವಾಗ ಬಟ್ಟೆ ತಾಗಿ ‘ಥುಂಗ್2-ಸುಓ3’ ಬಿದ್ದರೆ ಉಳಿದ ಗುಂಡಿಗಳು ಅಜ್ಜಿಗೂ ಜಗ್ಗುವುದಿಲ್ಲ, ಇಂಜಿನಿಯರ್ ಮೊಮ್ಮಗನಿಗೂ ಜಗ್ಗುವುದಿಲ್ಲ. ಅದು ಮಕ್ಕಳು ಮುಟ್ಟದಿರಲೆಂದು ಇಟ್ಟ ಬೀಗ. ಸಾಮಾನ್ಯವಾಗಿ ಅದೇ ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಬಿಡುತ್ತದೆ. ಕೈ ಒದ್ದೆಯಿದ್ದರೆ ಟಚ್ ಗುಂಡಿಗೆ ಗೊತ್ತಾಗದು. ಮೊದಲು ಸೆರಗಿಗೆ ಒರೆಸಿಕೊಳ್ಳಿ.