ಬಾಗಿಲು ಕೊಯ್ದು ಗಿಟಾರ್ ಮಾಡಿದವನ ಶೋಕಿ

ಮೊನ್ನೆ ಪುನರ್ವಸು ಮಳೆ ಎರಡು ಗಂಟೆ ಬಿಡುವು ಕೊಟ್ಟಿತು. ಬಿಸಿಲು ಕಂಡದ್ದೇ ತಡ, ಮನೆಯಲ್ಲಿದ್ದ ಏಳೂ ಗಿಟಾರುಗಳನ್ನು ತಂದು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದೆ. ಅಮ್ಮ ಹಪ್ಪಳ ಒಣಗಿಸುತ್ತಾಳೆ, ನಾನು ಗಿಟಾರ್ ಒಣಗಿಸುತ್ತೇನೆ. ಸುಮ್ನೆ ಒಂದು ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಮೆಸೇಜುಗಳ ಮಳೆ. "ಸೂಪರ್ ಅಣ್ಣ." "ಒಟ್ಟು ಎಷ್ಟಾಯ್ತು ಮಾರಾಯ?" ಕೊನೆಗೆ ನಮ್ಮ ಸೋದರತ್ತೆ ಮಗ, ಭಾವನದ್ದು: "ಇರೋದು ಎರಡು ಕೈ. ಏಳು ಗಿಟಾರ್ ಎಂತಕ್ಕೆ?"

ಭಾವನಿಗೆ ಉತ್ತರ ಕೊಡಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಶೋಕಿ ಹೌದು, ಮೊದಲೇ ಒಪ್ಪಿಕೊಂಡೆ. ತೋರಿಸಿಕೊಳ್ಳುವ ಆಸೆ ಇಲ್ಲದಿದ್ದರೆ ಫೋಟೋ ಯಾಕೆ ಹಾಕುತ್ತಿದ್ದೆ? ಆದರೆ ಈ ಏಳರಲ್ಲಿ ಅಂಗಡಿಯಿಂದ ತಂದ ಹಾಗೇ ಇರುವುದು ಒಂದೂ ಇಲ್ಲ. ಎಲ್ಲವನ್ನೂ ಬಿಚ್ಚಿದ್ದೇನೆ, ಕೆಲವನ್ನು ಕೊಯ್ದಿದ್ದೇನೆ, ಒಂದನ್ನು ಕೆಡಿಸಿದ್ದೇನೆ. "ಒರಿಜಿನಲ್ ಹಾಗೇ ಇಟ್ಟರೆ ರೀಸೇಲ್ ವ್ಯಾಲ್ಯೂ ಇರ್ತಿತ್ತು" ಅಂತ ಹೇಳುವವರು ಸಿಗುತ್ತಲೇ ಇರುತ್ತಾರೆ. ಅವರ ಹತ್ತಿರ ಜಗಳ ಮಾಡಿ ಸಾಕಾಗಿದೆ. ನನ್ನ ಗಿಟಾರುಗಳಲ್ಲಿ ಹೆಚ್ಚಿನವು ಕಸ್ಟಮ್ ಆದದ್ದು ಚಂದಕ್ಕಲ್ಲ. ಏನೋ ಒಂದು ತೊಂದರೆ ಬಂತು, ರಿಪೇರಿ ಮಾಡಹೊರಟು ಬೇರೆಯೇ ಆಯ್ತು.

ಗೊತ್ತಿಲ್ಲದವರಿಗೆ: ನನ್ನದು ಶಿವಮೊಗ್ಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್ಟು ಸುಟ್ಟರೆ ನನ್ನ ಬಳಿ ಬರುತ್ತದೆ. ಗಣಪತಿ ಹಬ್ಬದ ಸೀಸನ್ನಿನಲ್ಲಿ ಮಾತ್ರ ಆರ್ಕೆಸ್ಟ್ರಾದಲ್ಲಿ ಗಿಟಾರ್. ಊರು ತೀರ್ಥಹಳ್ಳಿ ಕಡೆ. ಮಳೆ ಎಷ್ಟು ಅಂತ ನಿಮಗೇ ಗೊತ್ತು.

ಫೋಟೋದಲ್ಲಿ ಎಡಕ್ಕೆ ಮೊದಲನೆಯದು, ಕಪ್ಪು ಬಣ್ಣದ್ದು. 2004ರಲ್ಲಿ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಬೇಸಿಗೆಯಲ್ಲಿ ಬಂಗಾರದಂಥ ಗಿಟಾರು. ಮಳೆಗಾಲಕ್ಕೆ ಊರಿಗೆ ಒಯ್ದೆ. ತೋಟದ ಅಡಿಕೆಗೆ ಕೊಳೆ ರೋಗ ಬಂದ ಹೊತ್ತಿಗೇ ಇದರ ಪೆಟ್ಟಿಗೆಗೆ ಬೂಸಲು ಬಂತು. ಒಳಗೆ ತಂತಿಗಳೆಲ್ಲ ತುಕ್ಕು. ಕುತ್ತಿಗೆ ಬಿಲ್ಲಿನ ಹಾಗೆ ಬಾಗಿತ್ತು. ಆರು ತಂತಿ ಸೇರಿದರೆ ಸುಮಾರು 40 ಕಿಲೋ ಎಳೆತ. ಆ ಎಳೆತಕ್ಕೆ ಎದುರಾಗಿ ಕುತ್ತಿಗೆ ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್. ಅದರ ನಟ್ಟನ್ನು ಕಾಲು ಸುತ್ತು ತಿರುಗಿಸಿ ಒಂದು ದಿನ ಕಾಯಬೇಕು. ಪಂಪ್‌ಸೆಟ್ಟಿನ ಬೋಲ್ಟು ಬಿಗಿದು ಅಭ್ಯಾಸವಾದ ಕೈ ನನ್ನದು. ಎರಡು ಸುತ್ತು ಬಿಗಿದೆ. ಕಟಕ್.

ಒಳಗಿನ ಸರಳು ಹೊಸದು ಹಾಕಬೇಕಾದರೆ ಮೇಲಿನ ಫ್ರೆಟ್‌ಬೋರ್ಡ್, ಅಂದರೆ ಬೆರಳು ಒತ್ತುವ ಪಟ್ಟಿ, ಎಬ್ಬಿಸಬೇಕು. ಊರಿನ ಬಡಗಿ ಆಚಾರ್ರ ಬಳಿ ಹೋದೆ. ಅವರು ಜನ್ಮದಲ್ಲಿ ಗಿಟಾರ್ ಮುಟ್ಟಿದವರಲ್ಲ. ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಫ್ರೆಟ್‌ಬೋರ್ಡ್ ಮೇಲಿಟ್ಟು, ಗೋಂದು ಮೆತ್ತಗಾದ ಮೇಲೆ ತೆಳ್ಳನೆಯ ಬ್ಲೇಡು ತೂರಿಸಿ ನಿಧಾನಕ್ಕೆ ಎಬ್ಬಿಸಿದರು. ಬೋರ್ಡ್ ಎರಡು ತುಂಡಾಗಿಯೇ ಬಂತು. ಆಗ ನೆನಪಾದದ್ದು ಅಟ್ಟದ ಮೇಲಿದ್ದ ಅಜ್ಜನ ಕಾಲದ ಬೀಟೆ ಮಂಚ. ಕಾಲು ಮುರಿದು ಇಪ್ಪತ್ತು ವರ್ಷದಿಂದ ಬಿದ್ದಿತ್ತು. ಅದರ ಪಕ್ಕದ ಪಟ್ಟಿಯಿಂದ ಫ್ರೆಟ್‌ಬೋರ್ಡ್ ಮಾಡೋಣ ಅಂದೆ. ಅಮ್ಮ ಒಂದು ವಾರ ಮಾತು ಬಿಟ್ಟಳು.

ಪ್ರಪಂಚದ ಗಿಟಾರ್ ಕಂಪನಿಗಳು ಇಂಡಿಯನ್ ರೋಸ್‌ವುಡ್ ಅಂತ ಹೆಮ್ಮೆಯಿಂದ ಹಾಕಿಕೊಳ್ಳುವುದು ಇದೇ ನಮ್ಮ ಬೀಟೆಯನ್ನು. ನಮ್ಮ ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. 2017ರ ಜನವರಿಯಿಂದ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದಲ್ಲಿ ಬೀಟೆಯ ಇಡೀ ಕುಲದ ಮೇಲೆ ನಿಯಂತ್ರಣ ಬಂದು, ಗಿಟಾರ್ ಗಡಿ ದಾಟಿಸಲೂ ಕಾಗದಪತ್ರ ಬೇಕಾಗಿತ್ತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್‌ಗೆ ಫೆಂಡರ್ ಕಂಪನಿ 1968ರಲ್ಲಿ ಪೂರ್ತಿ ರೋಸ್‌ವುಡ್ಡಿನದೇ ಒಂದು ಟೆಲಿಕಾಸ್ಟರ್ ಗಿಟಾರ್ ಮಾಡಿಕೊಟ್ಟಿತ್ತು. ಆ ಕಥೆ ಅಮ್ಮನಿಗೂ ಹೇಳಿ ನೋಡಿದೆ. ಬೀಟಲ್ ಆದ್ರೆ ಎಂತ, ಬೀಟೆ ನಮ್ಮದಲ್ವಾ ಅಂದಳು.

ಫ್ರೆಟ್, ಅಂದರೆ ಸ್ವರದ ಜಾಗ ತೋರಿಸುವ ಲೋಹದ ಅಡ್ಡಪಟ್ಟಿ, ಕೂರಿಸಲು ಗೀರು ಹಾಕುವ ದಿನ ಆಚಾರ್ರಿಗೂ ನನಗೂ ಸಣ್ಣ ವಾದ. "ಒಂದು ನೂಲು ಆಚೆ ಈಚೆ ಆದ್ರೆ ಎಂತ ಆಗ್ತದೆ?" ಅಂದರು. ಒಂದು ನೂಲು ಅಂದರೆ ಮೂರು ಮಿಲಿಮೀಟರ್. ನನ್ನ ಗಿಟಾರಿನಲ್ಲಿ ತಂತಿಯ ಉದ್ದ 648 ಮಿಲಿಮೀಟರ್, ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬರಬೇಕು. ಅಲ್ಲಿ ಒತ್ತಿದರೆ ಮೇಲಿನ ಷಡ್ಜ. ಮೂರು ಮಿಲಿಮೀಟರ್ ತಪ್ಪಿದರೆ ಕೇಳಿದವರು ಎದ್ದು ಹೋಗುತ್ತಾರೆ. ನಾನು ಮಾತಾಡದೆ ಬೇರೆ ಗಿಟಾರ್ ತಂದು ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯನ್ನು ಸ್ವಲ್ಪ ಪಕ್ಕಕ್ಕೆ ಜಗ್ಗಿ ಮೀಟಿ ತೋರಿಸಿದೆ. ಆಚಾರ್ರ ಮುಖ ಹುಳಿ ತಿಂದ ಹಾಗಾಯ್ತು. ಅವರು ಯಕ್ಷಗಾನದ ಹುಚ್ಚಿನವರು, ಶ್ರುತಿ ಗೊತ್ತು. ಆಮೇಲೆ ಟೇಪು ಬಿಟ್ಟು ಸ್ಟೀಲ್ ಸ್ಕೇಲ್ ಹಿಡಿದರು, ಪೆನ್ಸಿಲ್ ಬಿಟ್ಟು ಬ್ಲೇಡಿನಲ್ಲಿ ಗೀರಿದರು. ಇಪ್ಪತ್ತು ವರ್ಷ ಆಗ್ತಾ ಬಂತು, ಇನ್ನೂ ಆ ಫ್ರೆಟ್ಟುಗಳು ಸರಿಯಾಗಿವೆ.

ಮೂರನೆಯದು, ಆ ಹಳದಿ ಗಿಟಾರು ನೋಡಿ. ಬಣ್ಣ ಹೊಡೆದದ್ದಲ್ಲ, ಹಲಸಿನ ಮರದ್ದೇ ಬಣ್ಣ. ನಮ್ಮ ಮಾವನ ಮನೆಯವರು ಹೊಸನಗರ ಕಡೆಯ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದರ ನೀರಿನಲ್ಲಿ ಅವರ ಮನೆ ಹೋಯ್ತು. ಬರುವಾಗ ಕಂಬ, ಬಾಗಿಲು, ಹಂಡೆ ಹೇರಿಕೊಂಡು ಬಂದರಂತೆ. ಹೊಸ ಮನೆಯ ಬಾಗಿಲವಾಡ ಚಿಕ್ಕದು, ಹಳೆ ಬಾಗಿಲು ಕೂರಲಿಲ್ಲ. ಎರಡು ಹಲಗೆಯೂ ಅಟ್ಟ ಸೇರಿ ಅಡಿಕೆ ಮೂಟೆಗೆ ಆಸರೆಯಾದವು. ನಾನು ಅಳಿಯನ ಸಲುಗೆಯಲ್ಲಿ ಒಂದು ಹಲಗೆ ಕೇಳಿದೆ. ಮಾವ "ತಗೊಂಡು ಹೋಗಿ, ಅದರಲ್ಲಿ ಎಂತ ಇದೆ" ಅಂದರು.

ಹಲಗೆ ಹದಿನಾಲ್ಕು ಇಂಚು ಅಗಲ, ಎರಡು ಇಂಚು ದಪ್ಪ. ಗಿಟಾರಿನ ಇಡೀ ಮೈ ಒಂದೇ ಹಲಗೆಯಲ್ಲಿ ಬಂತು, ಎಲ್ಲೂ ಜೋಡಣೆಯಿಲ್ಲ. ಹೊಗೆ ಹಿಡಿದ ಮೇಲ್ಪದರ ಕೀಸಿದರೆ ಒಳಗೆ ಹಳದಿಗೆ ತಿರುಗಿದ ಜೇನು ಬಣ್ಣ. ಚಿಲಕ ಹಾಕಿದ್ದ ಜಾಗದಲ್ಲಿ ಒಂದು ತೂತು, ಸುತ್ತಲೂ ಕಬ್ಬಿಣದ ಕಲೆ. ಆಚಾರ್ರು ಮುಚ್ಚಿಬಿಡೋಣ ಅಂದರು. ಬೇಡ ಅಂದೆ. ಗಿಟಾರಿನ ಅಳತೆಯನ್ನೇ ಒಂದಿಷ್ಟು ಓರೆ ಮಾಡಿ, ಆ ತೂತು ಕೆಳಮೂಲೆಗೆ ಬರುವ ಹಾಗೆ ಕೊಯ್ಸಿದೆ. ಈಗ ವೈರ್ ಚುಚ್ಚುವ ಸಾಕೆಟ್ ಅದೇ ತೂತಿನಲ್ಲಿದೆ.

ಮುಗಿದ ಮೇಲೆ ಮಾವನಿಗೆ ತೋರಿಸಲು ಒಯ್ದೆ. ಅವರು ತಂತಿ ನೋಡಲಿಲ್ಲ, ಪಿಕಪ್ ನೋಡಲಿಲ್ಲ. ನೇರ ಆ ಕಲೆಯ ಮೇಲೆ ಬೆರಳಿಟ್ಟರು. "ಇದು ಒಳಗಿನ ಚಿಲಕ. ನಂಗೆ ಎಟುಕ್ತಿರಲಿಲ್ಲ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಹಲಗೆ ಮಾತ್ರ ಕೇಳಬೇಡಿ" ಅಂದರು. ಕೇಳಿಲ್ಲ.

ಇಲ್ಲೊಂದು ಮಾತು. ಹಲಸಿನಿಂದ ನಾದ ಬೇರೆಯಾಗಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ ಮಾರಾಯ್ರೆ. ವೀಣೆಯ ಕೊಡ ಹಲಸಿನದಾದರೆ ಅದು ನಾದಕ್ಕಾಗಿ, ಅಲ್ಲಿ ಮರವೇ ಹಾಡಬೇಕು. ಎಲೆಕ್ಟ್ರಿಕ್ ಗಿಟಾರ್ ಗಟ್ಟಿ ಹಲಗೆ. ಕಬ್ಬಿಣದ ತಂತಿ ನಡುಗುತ್ತದೆ, ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದಲ್ಲಿ (ಪಿಕಪ್ ಅನ್ನುವುದು ಇದನ್ನೇ) ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಕೂಗಿಸುತ್ತದೆ. ಮರದ ಪಾಲು ಇದ್ದರೂ ಉಪ್ಪಿನಕಾಯಿಯಷ್ಟು. ಮರದ ಬಗ್ಗೆ ಪುರಾಣ ಹೇಳಿ ದುಡ್ಡು ಕೀಳುವವರನ್ನು ಕಂಡರೆ ನನಗಾಗುವುದಿಲ್ಲ. ನಾನು ಆ ಬಾಗಿಲನ್ನು ಇಟ್ಟುಕೊಂಡಿರುವುದು ನಾದಕ್ಕಲ್ಲ.

ನಾದ ಇರುವುದು ಪಿಕಪ್ಪಿನಲ್ಲಿ. ಅದು ನನ್ನ ಕಸುಬು. ನಾಲ್ಕು ಗಿಟಾರುಗಳ ಪಿಕಪ್ಪನ್ನು ಅಂಗಡಿಯಲ್ಲೇ ಸುತ್ತಿದ್ದೇನೆ. ಅಮೆರಿಕದ ಲೆಕ್ಕದಲ್ಲಿ 42 ಗೇಜಿನ ವೈರು ಬೇಕು, ನಾವು ಕೇಳುವ ಲೆಕ್ಕದಲ್ಲಿ ಹೆಚ್ಚುಕಮ್ಮಿ 46. ಕೂದಲಿಗಿಂತ ಸಪೂರ. ಪಂಪ್‌ಸೆಟ್ಟಿನ ವೈರು ಜಗ್ಗಿದ ಹಾಗೆ ಜಗ್ಗಿದರೆ ತುಂಡಾದದ್ದೂ ಗೊತ್ತಾಗುವುದಿಲ್ಲ. ಫ್ಯಾನ್ ನಿಲ್ಲಿಸಿ, ಹುಡುಗನನ್ನು ಟೀಗೆ ಕಳಿಸಿ, ವೈರನ್ನು ಎರಡು ಬೆರಳ ನಡುವೆ ಬಟ್ಟೆಯಲ್ಲಿ ಹಿಡಿದು ಸುಮಾರು ಎಂಟು ಸಾವಿರ ಸುತ್ತು. ಕೊನೆಗೆ ಮೀಟರ್ ಹಿಡಿದರೆ ಆರು ಕಿಲೋ ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆಲ್ಲೋ ತುಂಡಾಗಿದೆ, ಮೊದಲಿಂದ ಸುತ್ತು. ಆಮೇಲೆ ಮೇಣದಲ್ಲಿ ಅದ್ದಬೇಕು, ಇಲ್ಲದಿದ್ದರೆ ಸುರುಳಿ ಅಲುಗಾಡಿ ಆಂಪು ಕಿರುಚುತ್ತದೆ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಸೇರಿಸುತ್ತೇನೆ. ಮೊದಲ ಸಲ ಮೇಣ ಜಾಸ್ತಿ ಕಾಯಿಸಿ, ವೈರು ಸುತ್ತುವ ಪ್ಲಾಸ್ಟಿಕ್ ಬಾಬಿನ್ ಹಪ್ಪಳದ ಹಾಗೆ ಸೊಟ್ಟಗಾಯ್ತು. ಎಂಟು ಸಾವಿರ ಸುತ್ತು ನೀರಿಗೆ.

ನಮ್ಮ ಕಡೆ ಇನ್ನೊಂದು ಕಾಟ, ಗುಂಯ್ ಸದ್ದು. ಒಂಟಿ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಎರಡು ಸುರುಳಿಯನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟರೆ ತಂತಿಯ ಸದ್ದು ಕೂಡುತ್ತದೆ, ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಮಾಡಿದ ಹಂಬಕರ್ ಇದೇ. ಮೋಟರ್ ಸುತ್ತುವವನಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ತಪ್ಪು ಪಿಕಪ್ಪಿನದಲ್ಲ, ಅರ್ತಿಂಗ್ ಇರುವುದೇ ಇಲ್ಲ. ಪಿಕಪ್ ಬದಲಿಸಲು ಬಂದವರಿಗೆ ನಾನು ಮೊದಲು ಹಿತ್ತಲಲ್ಲಿ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಮಾಡಿಸಿ ಅನ್ನುತ್ತೇನೆ. ನನ್ನ ವ್ಯಾಪಾರಕ್ಕೆ ನಾನೇ ಕಲ್ಲು.

ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ಕೂಡ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕುತ್ತಿಗೆಯನ್ನು ಅಂಟಿಸದೆ ನಾಲ್ಕು ಸ್ಕ್ರೂನಲ್ಲಿ ಬಿಗಿದ. ಕೆಟ್ಟರೆ ಬಿಚ್ಚಿ ಬೇರೆ ಹಾಕಲಿ ಅಂತ. ಸ್ಕ್ರೂ ಇಟ್ಟದ್ದೇ ಬಿಚ್ಚಲಿಕ್ಕೆ, ಅಲ್ವಾ? ಕ್ವೀನ್ ಬ್ಯಾಂಡಿನ ಬ್ರಿಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಕೂತು, ಹಳೇ ಅಗ್ಗಿಷ್ಟಿಕೆಯ ಮರವನ್ನೇ ಕುತ್ತಿಗೆಗೆ ಬಳಸಿ ಗಿಟಾರ್ ಮಾಡಲು ಶುರುಮಾಡಿದ, ಜೀವನಪೂರ್ತಿ ಅದನ್ನೇ ನುಡಿಸುತ್ತಾ ಬಂದಿದ್ದಾನೆ. ನಮ್ಮವರೇ ಬೇಕೆಂದರೆ ಮ್ಯಾಂಡೊಲಿನ್ ಶ್ರೀನಿವಾಸ್. ಎಂಟು ತಂತಿಯ ಜಾಗದಲ್ಲಿ ಐದೇ ತಂತಿ ಹಾಕಿ, ಕರೆಂಟ್ ಕೊಟ್ಟು ಕರ್ನಾಟಕ ಸಂಗೀತ ನುಡಿಸಿದರು. ಅವರಿಗೆ ಯಾರೂ ರೀಸೇಲ್ ವ್ಯಾಲ್ಯೂ ಬಗ್ಗೆ ಹೇಳಿರಲಿಕ್ಕಿಲ್ಲ.

ಒಂದನ್ನು ಕೆಡಿಸಿದ್ದೇನೆ ಅಂದಿದ್ದೆ. ಐದನೆಯದು, ದೊಡ್ಡ ಬಿಳಿ ಪ್ಲೇಟ್ ಇರುವುದು. ಜಪಾನಿನ ಹಳೇ ಗಿಟಾರು, ಒಂದು ದೂರೂ ಇರಲಿಲ್ಲ. ಯಾವುದೋ ವಿಡಿಯೋ ನೋಡಿ ಹಂಬಕರ್ ಕೂರಿಸಲು ನಾನೇ ಮರ ಕೊರೆಯುವ ರೂಟರ್ ಹಿಡಿದೆ. ಮೆಷಿನ್ ಜಾರಿತು. ಪ್ಲೇಟಿನ ಕೆಳಗೆ ಏನಿದೆ ಅಂತ ಕೇಳಬೇಡಿ. ಎರಡನೆಯದು ಮತ್ತು ಆರನೆಯದಕ್ಕೆ ಬಣ್ಣ ಮತ್ತು ಪಿಕಪ್ ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ನಾಲ್ಕನೆಯದು ಮಗಳದು, ಅವಳೇ ಸ್ಟಿಕ್ಕರ್ ಅಂಟಿಸಿದ್ದಾಳೆ. ಅದೂ ಕಸ್ಟಮ್ಮೇ.

ಕೊನೆಯದು ಕೆಂಪು. ಎಲ್ಲರೂ ಫೋಟೋ ಜೂಮ್ ಮಾಡಿ ನೋಡಿದ್ದು ಇದನ್ನೇ. ಮೈತುಂಬ ಹಸೆ ಚಿತ್ತಾರ. ಸಾಗರದ ಕಡೆಯ ಒಬ್ಬ ಅಕ್ಕ ಬರೆದುಕೊಟ್ಟದ್ದು. ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆ ಮೇಲೆ ಬರೆಯುತ್ತಾರಲ್ಲ, ಅದೇ. ಕೆಮ್ಮಣ್ಣಿನ ನೆಲ, ಅಕ್ಕಿಯ ಬಿಳಿ, ಪುಂಡಿ ನಾರಿನ ಕುಂಚ. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ. ಉಸಿರು ಹಿಡಿದು ಒಂದು ಗೆರೆ ಎಳೆದು, ಉಸಿರು ಬಿಟ್ಟು ಮುಂದಿನದು. ಅವರು ಕೇಳಿದ ದುಡ್ಡು ನನಗೇ ನಾಚಿಕೆ ಆಗುವಷ್ಟು ಕಮ್ಮಿ. ಪಿಕಪ್ ಸುತ್ತಲು ನಾನು ತೆಗೆದುಕೊಳ್ಳುವ ಗಂಟೆಯ ಲೆಕ್ಕದಲ್ಲಿ ಕೊಟ್ಟೆ. ಅವರ ಕೈ ನನ್ನ ಕೈಗಿಂತ ಅಗ್ಗ ಹೇಗಾಗುತ್ತದೆ?

ಗೆರೆ ಅಳಿಸಬಾರದು ಅಂತ ಮನೆಗೆ ತಂದು ಮೇಲೊಂದು ಕೋಟ್ ವಾರ್ನಿಷ್ ಹೊಡೆದೆ. ಕಣ್ಣೆದುರಿಗೇ ಬಿಳಿ ಗೆರೆಗಳೆಲ್ಲ ಎಣ್ಣೆ ಕಾಗದದ ಹಾಗೆ ಮಂಕಾಗಿ ಕೆಂಪಿನಲ್ಲಿ ಕರಗಿದವು. ಮುಖ ಸಣ್ಣ ಮಾಡಿಕೊಂಡು ವಾಪಸ್ ಒಯ್ದೆ. ಅಕ್ಕ ನಕ್ಕರು. "ಗೋಡೆಗೆ ಯಾರಾದ್ರೂ ವಾರ್ನಿಷ್ ಹೊಡೀತಾರಾ ತಮ್ಮ?" ಉಜ್ಜಿ ತೆಗೆಸಿ ಮತ್ತೆ ಮಣ್ಣು ಬಳಿದು ಹೊಸದಾಗಿ ಬರೆದರು. ಈ ಸಲ ಮೇಲೆ ಏನೂ ಹಾಕಿಲ್ಲ. ನುಡಿಸುವಾಗ ಮೊಣಕೈ ತಾಗುವ ಜಾಗದಲ್ಲಿ ಅಳಿಸುತ್ತಾ ಬರುತ್ತದೆ. ಭೂಮಿ ಹುಣ್ಣಿಮೆಗೆ, ಅಂದರೆ ಭೂಮಿತಾಯಿಯನ್ನು ಪೂಜಿಸುವ ಹಬ್ಬಕ್ಕೆ, ಅವರ ಮನೆಯಲ್ಲಿ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಆಗ ಗಿಟಾರನ್ನೂ ತಗೊಂಡು ಬಾ, ಬುಟ್ಟಿ ಜೊತೆ ಅದಕ್ಕೂ ಬರೆದುಬಿಡ್ತೀನಿ ಅಂದಿದ್ದಾರೆ. ಎರಡು ವರ್ಷದಿಂದ ಹಾಗೇ ನಡೆದಿದೆ. ಮೊದಲ ವರ್ಷದ ಚಿತ್ತಾರವೇ ಬೇರೆ, ಈಗಿನದೇ ಬೇರೆ.

ಭಾವ, ಏಳೂ ಸೇರಿಸಿದರೆ ಒಂದು ಹೊಸ ಅಮೆರಿಕನ್ ಗಿಟಾರಿನ ದುಡ್ಡು ಆಗಿಲ್ಲ. ನಂಬಿಕೆ ಇಲ್ಲದಿದ್ದರೆ ಭಾನುವಾರ ಬಾ. ಅಂಗಡಿ ರಜೆ. ಯಾವುದು ಬೇಕಾದರೂ ತೆಗೆದು ನುಡಿಸು, ಉಂಗುರ ತಾಗಿ ಗೀರಾದರೂ ಪರವಾಗಿಲ್ಲ. ಕೆಂಪಿನದ್ದೊಂದನ್ನು ಮಾತ್ರ ಒದ್ದೆ ಕೈಯಲ್ಲಿ ಮುಟ್ಟಬೇಡ, ಭೂಮಿ ಹುಣ್ಣಿಮೆಗೆ ಇನ್ನೂ ಮೂರು ತಿಂಗಳಿದೆ. ಬರುವಾಗ ಒಂದು ಸೆಟ್ ತಂತಿ ಹಿಡಿದುಕೊಂಡು ಬಾ, ಹತ್ತು ಗೇಜಿನದು. ಇದನ್ನು ಬರೆಯುವಷ್ಟರಲ್ಲಿ ಮಳೆ ಮತ್ತೆ ಶುರುವಾಗಿದೆ, ಹಲಸಿನದರ ಮೂರನೇ ತಂತಿ ಆಗಲೇ ಕಪ್ಪಗಾಗಿದೆ.