ಎರಡೂ ಎಡಗಾಲು

ಹೊಲಿಗೆ ಕಲಿಯುವವರು ಪೈಜಾಮದಿಂದ ಶುರುಮಾಡಬೇಕು, ಅದಕ್ಕಿಂತ ಸುಲಭ ಯಾವುದೂ ಇಲ್ಲ ಅಂತ ವಿಡಿಯೋದಲ್ಲಿ ಹೇಳಿದ್ದರು. ಎರಡು ತುಂಡು ಬಟ್ಟೆ, ನಾಲ್ಕು ಹೊಲಿಗೆ, ಸೊಂಟಕ್ಕೊಂದು ಎಲಾಸ್ಟಿಕ್. ವಿಡಿಯೋ 11 ನಿಮಿಷದ್ದು. ನನ್ನ ಪೈಜಾಮಕ್ಕೆ 11 ದಿನ ಹಿಡಿಯಿತು. ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಎಲ್ಲೋ ಏನೋ ಸರಿ ಇಲ್ಲ ಅನ್ನಿಸಿತು. ಎರಡು ಹೆಜ್ಜೆ ನಡೆದಾಗ ಗೊತ್ತಾಯಿತು. ನಾನು ಬಲಗಾಲು ಮುಂದಿಟ್ಟರೆ ಪೈಜಾಮದ ಬಲಗಾಲು ಮುನಿಸಿಕೊಂಡವರ ಹಾಗೆ ಹಿಂದಕ್ಕೆ ತಿರುಗಿಕೊಂಡಿತ್ತು.

ಅಮ್ಮ ಕನ್ನಡಕದ ಮೇಲಿಂದ ಒಂದೇ ಸಲ ನೋಡಿದರು. "ಎರಡೂ ಎಡಗಾಲು ಕತ್ತರಿಸಿದ್ದೀಯ" ಅಂದರು.

ಆಗಿದ್ದು ಇಷ್ಟೇ. ಪೈಜಾಮದ ತುಂಡಿಗೆ ಮುಂದಿನ ಬಾಗು ಸಣ್ಣದು, ಹಿಂದಿನ ಬಾಗು ಆಳ. ಕೂತಾಗ ಹಿಂದೆ ಜಾಗ ಬೇಕಲ್ಲ. ಒಂದು ಕಾಲು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ನಾನು ಮಗುಚಲಿಲ್ಲ. ಬಟ್ಟೆಯನ್ನಾದರೂ ತಿರುವಿ ಹಾಕಿ ಬಚಾವಾಗೋಣ ಅಂದರೆ ಅದು ಹೂವಿನ ಪ್ರಿಂಟು, ಹಿಂಬದಿ ಬರೀ ಬಿಳಿ. ಜೋಡಿಸುವಾಗಲೇ ಬಾಗಿಗೆ ಬಾಗು ಕೂಡುತ್ತಿರಲಿಲ್ಲ. ಬಟ್ಟೆ ತಾನೇ, ಎಳೆದರೆ ಬರುತ್ತೆ ಅಲ್ವಾ ಅಂತ ಎಳೆದೆ. ಬಂತು. ಬಂದಿದ್ದೇ ತಪ್ಪಾಯಿತು.

ಹೊಲಿಗೆಯಲ್ಲಿ ನನಗೆ ಮೊದಲಿನಿಂದ ಇದ್ದ ಅನುಭವ ಒಂದೇ, ಸೂಜಿಗೆ ದಾರ ಪೋಣಿಸುವುದು. ನಮ್ಮ ಮನೆಯಲ್ಲಿ ಕಾಲಿನಲ್ಲಿ ತುಳಿಯುವ ಕಪ್ಪು ಮೆಷಿನ್ ಇತ್ತು. ಪಕ್ಕದಲ್ಲಿ ಚಕ್ರ, ಚಕ್ರಕ್ಕೆ ಚರ್ಮದ ಬೆಲ್ಟು. ಸಂಜೆ ಬೆಳಕು ಕಡಿಮೆಯಾದ ಕೂಡಲೇ ಅಮ್ಮ "ಬಾರೋ ಇಲ್ಲಿ" ಅಂತ ಕೂಗುತ್ತಿದ್ದರು. ನಾನು ದಾರದ ತುದಿಯನ್ನು ಎಂಜಲು ಮಾಡಿ, ಚೂಪು ಮಾಡಿ, ಒಂದು ಕಣ್ಣು ಮುಚ್ಚಿ ಪೋಣಿಸಿ ಓಡಿಹೋಗುತ್ತಿದ್ದೆ. ಮನೆಯವರೆಲ್ಲರ ಬಟ್ಟೆ ಆ ಮೆಷಿನ್ನಿಂದಲೇ ಬರುತ್ತಿತ್ತು. ಅಳತೆ ತೆಗೆಯುವಾಗಲೆಲ್ಲ ಅಮ್ಮನ ಬಾಯಲ್ಲಿ ಒಂದೇ ಮಾತು: "ಬೆಳೆಯೋ ಹುಡುಗ, ಎರಡಿಂಚು ಜಾಸ್ತಿ ಇರಲಿ." ನನ್ನ ಬಾಲ್ಯ ಪೂರ್ತಿ ಆ ಎರಡಿಂಚಿನೊಳಗೇ ಕಳೆಯಿತು. ಅಂಗಿ ನನ್ನ ಅಳತೆಗೆ ಬರುವ ಹೊತ್ತಿಗೆ ಹರಿದಿರುತ್ತಿತ್ತು.

ಬಟ್ಟೆ ಉಳಿದರೆ ಅದಕ್ಕೂ ಮುಕ್ತಿ ಇರಲಿಲ್ಲ. ಒಮ್ಮೆ ಕಿಟಕಿ ಪರದೆಗೆ ತಂದ ಹಸಿರು ಎಲೆಗಳ ಬಟ್ಟೆ ಮಿಕ್ಕಿತು. ನನಗೊಂದು ಅಂಗಿ, ಅಕ್ಕನಿಗೊಂದು ಫ್ರಾಕು ಆಯಿತು. ನೆಂಟರು ಬಂದಾಗ ನಾವಿಬ್ಬರೂ ಕಿಟಕಿ ಪಕ್ಕ ನಿಂತರೆ ತಲೆಗಳು ಮಾತ್ರ ಕಾಣುತ್ತಿದ್ದವು.

ಆಮೇಲೆ ರೆಡಿಮೇಡ್ ಬಂತು. ನೂಲು ಒಂದು ದೇಶದಲ್ಲಿ, ಕತ್ತರಿಸುವುದು ಇನ್ನೊಂದರಲ್ಲಿ, ಹೊಲಿಯುವುದು ಕೂಲಿ ಕಡಿಮೆ ಇರುವ ಮತ್ತೊಂದರಲ್ಲಿ. ದೇಶ ದೇಶಗಳ ನಡುವೆ ಬಟ್ಟೆ ವ್ಯಾಪಾರಕ್ಕಿದ್ದ ಕೋಟಾಗಳು 2005ರ ಜನವರಿ 1ಕ್ಕೆ ಮುಗಿದ ಮೇಲಂತೂ ಅಗ್ಗದ ಬಟ್ಟೆಯ ಹೊಳೆಯೇ ಹರಿಯಿತು. ಒಂದು ಅಂಗಿಗೆ ಬೇಕಾದ ಬಟ್ಟೆ, ದಾರ, ಗುಂಡಿ ಕೊಳ್ಳುವ ದುಡ್ಡಿಗೆ ಹೊಲಿದ ಅಂಗಿಯೇ ಸಿಗುವಾಗ ಯಾರು ತುಳಿಯುತ್ತಾರೆ? ಹೆಂಗಸರು ಹೊರಗೆ ದುಡಿಯಲು ಹೊರಟ ಮೇಲೆ ತುಳಿಯುವುದಕ್ಕೆ ಹೊತ್ತೂ ಇರಲಿಲ್ಲ. ಮೆಷಿನ್ನಿನ ತಲೆಯನ್ನು ಒಳಗೆ ಮಡಚಿ ಮೇಲೆ ಹಲಗೆ ಮುಚ್ಚಿದರು. ಅದು ಮೇಜಾಯಿತು. ಮೇಜಿನ ಮೇಲೆ ಇಸ್ತ್ರಿ ಆಗಬೇಕಾದ ಬಟ್ಟೆ ಗುಡ್ಡೆ ಬಿತ್ತು. ಎಲ್ಲ ರೆಡಿಮೇಡ್ ಬಟ್ಟೆ. ಅಮ್ಮನಿಗೆ ಬೇಜಾರಾಗಿರಬಹುದು ಅಂತ ನಾನು ಬಹಳ ವರ್ಷ ನಂಬಿದ್ದೆ.

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಮಾಸ್ಕಿನ ನೆಪದಲ್ಲಿ ಹೊಲಿಗೆ ಮತ್ತೆ ಶುರುವಾಯಿತು. ಎಷ್ಟೋ ಕಡೆ ಮೆಷಿನ್‌ಗೂ ಎಲಾಸ್ಟಿಕ್‌ಗೂ ಅಭಾವ ಬಂತು. ಮಾಸ್ಕು ಹೊಲಿದವರು ಅಲ್ಲಿಗೇ ನಿಲ್ಲಲಿಲ್ಲ. ನಾನು ಸ್ವಲ್ಪ ತಡವಾಗಿ ಆ ಗುಂಪಿಗೆ ಸೇರಿದೆ. ಕರೆಂಟಿನ ಹೊಸ ಮೆಷಿನ್ ತಂದು ಅಮ್ಮನ ಮುಂದಿಟ್ಟೆ, ಕಣ್ಣಲ್ಲಿ ನೀರು ಬರಬಹುದು ಅನ್ನೋ ಆಸೆಯಿಂದ. ಅಮ್ಮ ನನ್ನನ್ನು ಮರುಕದಿಂದ ನೋಡಿದರು. "ಇಪ್ಪತ್ತೈದು ವರ್ಷ ತುಳಿದು ಹೇಗೋ ತಪ್ಪಿಸಿಕೊಂಡೆ. ನೀನು ದುಡ್ಡು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೀಯಲ್ಲೋ."

ಹೊಸ ಮೆಷಿನ್ನಿನ ಪೆಡಲ್ ಮೇಲೆ ಮೊದಲ ಸಲ ಕಾಲಿಟ್ಟಾಗ ಅದು ಹೊಲಿಯಲಿಲ್ಲ, ಓಡಿತು. ನಾನು ಗಾಬರಿಯಲ್ಲಿ ಬ್ರೇಕು ಅಂತ ಇನ್ನೂ ಜೋರಾಗಿ ಒತ್ತಿದೆ. ಬಟ್ಟೆಯ ಜೊತೆ ನನ್ನ ಅಂಗಿಯ ತೋಳಿನ ತುದಿಯೂ ಒಳಗೆ ಹೋಗಿ ನೀಟಾಗಿ ಹೊಲಿದುಕೊಂಡಿತು. ಅವತ್ತಿನ ಹೊಲಿಗೆಯಲ್ಲಿ ನೇರವಾಗಿದ್ದಿದ್ದು ಅದೊಂದೇ. ಬಿಡಿಸಿಕೊಳ್ಳುವ ಭರದಲ್ಲಿ ಎಳೆದಾಗ ಸೂಜಿ ಬಾಗಿತು. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ನೀವು ಹೇಳಬಹುದು. ಸೂಜಿ ನಿಜವಾಗಿಯೂ ಡೊಂಕಾಗಿತ್ತು, ಬೇಕಾದರೆ ತೋರಿಸುತ್ತೇನೆ, ಇಟ್ಟುಕೊಂಡಿದ್ದೇನೆ.

ದಾರ ಪೋಣಿಸುವುದರಲ್ಲಾದರೂ ಮರ್ಯಾದೆ ಉಳಿಯಬಹುದು ಅಂದುಕೊಂಡೆ. ಹಳೆ ಮೆಷಿನ್ನಿನಲ್ಲಿ ದಾರ ಪಕ್ಕದಿಂದ ಹೋಗುತ್ತಿತ್ತು, ಇದರಲ್ಲಿ ಮುಂದಿನಿಂದ ಹಿಂದಕ್ಕೆ. ಅದನ್ನು ದಾಟಿದ ಮೇಲೆ ಶುರುವಾಗಿದ್ದು ಗುಬ್ಬಿ ಗೂಡು. ಬಟ್ಟೆಯ ಮೇಲೆ ನೋಡಿದರೆ ಮುದ್ದಾದ ಸಾಲು. ತಿರುವಿದರೆ ಅಡಿಯಲ್ಲಿ ದಾರದ ದೊಡ್ಡ ಗೂಡು, ಮೊಟ್ಟೆ ಇಡುವುದೊಂದೇ ಬಾಕಿ. ಕೆಳಗೆ ಇರೋದು ಬಾಬಿನ್ ತಾನೇ, ಅಡಿಯ ದಾರ ಸುತ್ತಿದ ಪುಟ್ಟ ಉರುಳೆ, ಅದರದ್ದೇ ಕಿತಾಪತಿ ಅಂತ ಮೂರು ದಿನ ಬಾಬಿನ್ನನ್ನು ತೆಗೆದು, ಉಜ್ಜಿ, ಎಣ್ಣೆ ಬಿಟ್ಟು, ಬೈದು, ಮತ್ತೆ ಹಾಕಿದೆ. ಪಾಪ, ಅದರ ತಪ್ಪೇ ಇರಲಿಲ್ಲ. ಗೂಡು ಕೆಳಗೆ ಕಂಡರೆ ಸಾಮಾನ್ಯವಾಗಿ ತಪ್ಪು ಮೇಲಿನ ದಾರದ್ದು. ದಾರ ಹಾಕುವಾಗ ಪ್ರೆಸರ್ ಫೂಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಎತ್ತಿರಬೇಕು. ಇಳಿಸಿದ್ದರೆ ಒಳಗಿನ ಎರಡು ಬಿಲ್ಲೆಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯದೆ ಹೊರಗೇ ಸಡಿಲವಾಗಿ ಜೋತುಬೀಳುತ್ತದೆ. ಇದನ್ನು ಅಮ್ಮ ಮೊದಲೇ ಹೇಳಬಹುದಿತ್ತು. ಕೇಳಿದರೆ, "ನೀನು ಆ ವಿಡಿಯೋದವರನ್ನು ಕೇಳ್ತಿದ್ದೆ, ನನ್ನನ್ನೆಲ್ಲಿ ಕೇಳಿದೆ?" ಅಂದರು.

ನನ್ನ ಸಿಟ್ಟು ಈ ಮೆಷಿನ್ ಕಂಡುಹಿಡಿದವರ ಮೇಲೆ ತಿರುಗಿ, ಅವರ ಕಥೆ ಓದಲು ಕೂತೆ. ಫ್ರಾನ್ಸಿನ ಬಾರ್ತೆಲೆಮಿ ತಿಮೊನ್ಯೆ 1830ರಲ್ಲೇ ಪೇಟೆಂಟ್ ಪಡೆದು, ಸೈನಿಕರ ಸಮವಸ್ತ್ರ ಹೊಲಿಯಲು ಮೆಷಿನ್‌ಗಳನ್ನು ಕೂರಿಸಿದ. ಹೊಟ್ಟೆಪಾಡು ಹೋಗುತ್ತದೆ ಅಂತ ಮರುವರ್ಷ ದರ್ಜಿಗಳು ನುಗ್ಗಿ ಅವನ್ನೆಲ್ಲ ಪುಡಿ ಮಾಡಿದರು. ನನಗೆ ದರ್ಜಿಗಳ ಕಡೆಯೇ ಮನಸ್ಸು ವಾಲಿತು. ಅಮೆರಿಕದ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ. ಅವನ ಕಂಪನಿ ಮೆಷಿನ್ನನ್ನು ಕಂತಿನ ಮೇಲೆ ಮಾರಿ ಮನೆ ಮನೆಗೂ ಸೇರಿಸಿತು. ಯಂತ್ರಗಳನ್ನು ಕಂಡರೆ ಆಗದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಮೆಷಿನ್ನಿಗೆ ರಿಯಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಸೋಲುವುದನ್ನು ನೋಡಲಾಗದೆ ಸಿಂಗರ್ ಇದನ್ನು ಮಾಡಿದ ಅನ್ನೋ ಕಥೆಯನ್ನು ಮೆಚ್ಚಿಕೊಂಡಿದ್ದರು. ಯಾವ ಹೆಂಡತಿ ಅನ್ನೋದು ಮಾತ್ರ ಸ್ವಲ್ಪ ತೊಡಕಿನ ಪ್ರಶ್ನೆ. ಸಿಂಗರ್‌ಗೆ ಬೇರೆ ಬೇರೆ ಹೆಂಗಸರಿಂದ 20ಕ್ಕೂ ಹೆಚ್ಚು ಮಕ್ಕಳಿದ್ದರು. ಅಷ್ಟು ಮಕ್ಕಳಿಗೆ ಬಟ್ಟೆ ಆಗಬೇಕು ಅಂದರೆ ಯಾರಾದರೂ ಮೆಷಿನ್ ಕಂಡುಹಿಡಿಯಲೇಬೇಕು.

1860ರ ಆಸುಪಾಸಿನ ಒಂದು ಲೆಕ್ಕವೂ ಸಿಕ್ಕಿತು. ಗಂಡಸರ ಅಂಗಿಯೊಂದನ್ನು ಕೈಯಲ್ಲಿ ಹೊಲಿಯಲು 14 ಗಂಟೆಗೂ ಜಾಸ್ತಿ ಬೇಕಾಗುತ್ತಿತ್ತಂತೆ. ಮೆಷಿನ್ನಿನಲ್ಲಿ ಒಂದೂಕಾಲು ಗಂಟೆ. ನನ್ನ ಅಂಗಿಗೆ ಮೆಷಿನ್ನಿನಲ್ಲೇ ಮೂರು ಭಾನುವಾರ ಬೇಕಾದವು. ಅದರಲ್ಲಿ ಒಂದು ಭಾನುವಾರ ಪೂರ್ತಿ ಕಾಲರ್‌ಗೆ ಹೋಯಿತು. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆಯಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ ಅನ್ನೋದನ್ನು ನಾನು ಓದಿದ್ದೆ. ಓದಿದ್ದು ಅಂಗಿ ಮುಗಿದ ಮೇಲೆ. ಮೊದಲ ಒಗೆತಕ್ಕೇ ಅದು ನನ್ನ ಮಗಳ ಅಳತೆಗೆ ಬಂತು. ಅವಳು ಹಾಕಿಕೊಂಡು, "ಅಪ್ಪಾ, ಕೈ ಎತ್ತೋಕೆ ಆಗ್ತಿಲ್ಲ" ಅಂದಳು. ಬಾಲ್ಯದಲ್ಲಿ ದ್ವೇಷಿಸಿದ ಆ ಎರಡಿಂಚು ಅವತ್ತು ಬಹಳ ನೆನಪಾಯಿತು.

ಇಷ್ಟಾದರೂ ಬಿಟ್ಟಿಲ್ಲ. ಕಾರಣ ಸರಳವಾಗಿದೆ. ಅಮ್ಮ ಹೊಲಿಯದಿದ್ದರೆ ನಮಗೆ ಹಾಕಲು ಬಟ್ಟೆ ಇರುತ್ತಿರಲಿಲ್ಲ. ನಾನು ಹೊಲಿಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಮನೆಯವರಿಗೆ ನೆಮ್ಮದಿಯೇ. ತಪ್ಪಿದರೆ ಬಿಚ್ಚುತ್ತೇನೆ. ಬೇಜಾರಾದರೆ ಮುಚ್ಚಿಡುತ್ತೇನೆ. ನನ್ನದು ಆಟ, ಅಮ್ಮನದು ಕೂಲಿ ಇಲ್ಲದ ಚಾಕರಿ. ಮನೆಯಲ್ಲೇ ಹೊಲಿಯುವ ಕಾಲ ಹೋಯಿತಲ್ಲ ಅಂತ ಕೊರಗುವವರಲ್ಲಿ ಪೆಡಲ್ ತುಳಿದವರು ಎಷ್ಟು ಜನ ಅಂತ ಈಗೀಗ ನನಗೆ ಅನುಮಾನ.

ಮೊನ್ನೆ ಮಧ್ಯಾಹ್ನ ಒಳಗಿನಿಂದ ಟರ್ರ್ ಅಂತ ಸದ್ದು ಬಂತು. ಅಮ್ಮ ನನ್ನ ಮೆಷಿನ್ ಮುಂದೆ ಕೂತಿದ್ದರು. ಪಕ್ಕದಲ್ಲಿ ಬ್ಲೇಡು. ನಾನು ಹನ್ನೊಂದು ದಿನ ಹೊಲಿದಿದ್ದನ್ನು ಹತ್ತು ನಿಮಿಷದಲ್ಲಿ ಬಿಚ್ಚಿ ಹಾಕಿದ್ದರು. ಪೈಜಾಮದ ಎರಡು ಎಡಗಾಲುಗಳು ಎರಡು ಚೀಲಗಳಾಗಿದ್ದವು. ನನ್ನನ್ನು ನೋಡಿ, "ಸುಮ್ನೆ ಕೂತಿದ್ದೆ, ಹೊತ್ತು ಹೋಗಲಿಲ್ಲ" ಅಂದರು. ನಾನು ಏನೂ ಕೇಳಿರಲಿಲ್ಲ. ಪೆಡಲ್ ಮೇಲೆ ಕಾಲು ಹಾಗೇ ಇತ್ತು.

ಈಗ ಮನೆಯಲ್ಲಿ ನಾನು ಹೊಲಿದ ಬಟ್ಟೆಗಳಿಂದ ಹುಟ್ಟಿದ ಚೀಲಗಳು ಒಟ್ಟು ಆರು. ಆರನೆಯದಕ್ಕೆ ಕಾಲರ್ ಇದೆ.